ಕಪ್ಪು ಕಾರು, ಕಂತಿನ ಕಾರು

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನಲ್ಲಿ ವಾಹನ ಸಾಲದ ಕಡತ ನೋಡುತ್ತಲೇ ಸರ್ವಿಸು ಮುಗಿಸಿದವನು ನಾನು. ಕಾರು ಎಂದರೆ ಬೇರೆಯವರಿಗೆ ಇಂಜಿನ್ನು, ಮೈಲೇಜು, ಬಣ್ಣ. ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ಆರ್.ಸಿ. ಪುಸ್ತಕದಲ್ಲಿರುವ ಹೈಪೋಥಿಕೇಶನ್ ಮುದ್ರೆಯ ಕಡೆಗೆ, ಅಂದರೆ ಸಾಲ ತೀರುವವರೆಗೆ ಗಾಡಿ ಬ್ಯಾಂಕಿಗೆ ಒತ್ತೆ ಎನ್ನುವ ಗುರುತಿನ ಕಡೆಗೆ. ಅಮೆರಿಕದ ಮೋಟಾರು ಉದ್ಯಮದ ಬಗ್ಗೆ ಮಾತಾಡಬೇಕು ಎಂದಾಗ ಹೆನ್ರಿ ಫೋರ್ಡನ ಕಥೆ ಬಿಡುವ ಹಾಗಿಲ್ಲ. ಅದನ್ನೇ ಸಾಲದ ಮೇಜಿನ ಈಚೆ ಕೂತು ಹೇಳುತ್ತೇನೆ.

1908ರ ಅಕ್ಟೋಬರಿನಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು ಮಾರುಕಟ್ಟೆಗೆ ಬಿಟ್ಟ. ಇವತ್ತು ಕಾರು ಓಡಿಸುವವರನ್ನು ಅದರಲ್ಲಿ ಕೂರಿಸಿದರೆ ಗೇಟು ದಾಟುವುದೂ ಕಷ್ಟ. ಕಾಲ ಬುಡದಲ್ಲಿ ಮೂರು ಪೆಡಲು: ಎಡಗಡೆಯದು ಗೇರಿಗೆ, ನಡುವಿನದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ. ಆಕ್ಸಿಲರೇಟರು ಕಾಲಿನಲ್ಲಿಲ್ಲ, ಸ್ಟೇರಿಂಗ್ ಕೆಳಗೆ ಒಂದು ಕಡ್ಡಿಯ ಹಾಗೆ ಇದೆ. ಕೆಲವು ವರ್ಷ ಬಂದ ಕಾರುಗಳಲ್ಲಿ ಡ್ರೈವರ್ ಪಕ್ಕದ ಬಾಗಿಲು ಬರೀ ತಗಡಿನ ಮೇಲಿನ ಗೆರೆ, ತೆರೆಯುವುದಿಲ್ಲ. ಆಚೆ ಕಡೆಯಿಂದ ಹತ್ತಿ ಸರಿದು ಕೂರಬೇಕು. ಪೆಟ್ರೋಲು ಟ್ಯಾಂಕು ಸೀಟಿನ ಅಡಿಯಲ್ಲಿ. ಎಷ್ಟು ಉಳಿದಿದೆ ಅಂತ ನೋಡಲು ಎದ್ದು, ದಿಂಬು ಎತ್ತಿ, ಮುಚ್ಚಳ ಬಿಚ್ಚಿ, ಕೋಲು ಇಳಿಬಿಡಬೇಕು. ಪಂಪು ಇಲ್ಲದ್ದರಿಂದ ಪೆಟ್ರೋಲು ತಾನಾಗಿ ಇಳಿದು ಇಂಜಿನ್ನಿಗೆ ಹೋಗಬೇಕು. ಕಡಿದಾದ ಏರಿನಲ್ಲಿ ಟ್ಯಾಂಕು ಇಂಜಿನ್ನಿಗಿಂತ ಕೆಳಗಾಗಿ ಗಾಡಿ ನಿಂತುಬಿಡುತ್ತಿತ್ತು. ಜನ ಏನು ಮಾಡಿದರು ಗೊತ್ತೇ? ಗುಡ್ಡವನ್ನು ಹಿಮ್ಮುಖವಾಗಿ ಹತ್ತಿದರು. ಇನ್ನು ಮುಂದುಗಡೆ ಹ್ಯಾಂಡಲು ಹಾಕಿ ತಿರುಗಿಸುವಾಗ ಇಂಜಿನ್ನಿನಲ್ಲಿ ಕಿಡಿ ಹೊತ್ತುವ ಸಮಯ ಹೊಂದಿಸುವ ಸ್ಪಾರ್ಕಿನ ಕಡ್ಡಿ ಹಿಂದೆ ಎಳೆಯುವುದು ಮರೆತರೆ ಹ್ಯಾಂಡಲು ತಿರುಗಿ ಬಡಿದು ಮಣಿಕಟ್ಟು ಮುರಿಯುತ್ತಿತ್ತು.

ಇಷ್ಟಾದರೂ ಜನ ಮುಗಿಬಿದ್ದರು, ಏಕೆಂದರೆ ಕೆಟ್ಟರೆ ರೈತನೇ ರಿಪೇರಿ ಮಾಡಿಕೊಳ್ಳಬಹುದಾದ ಗಟ್ಟಿ ಗಾಡಿ ಅದು. 850 ಡಾಲರಿನಿಂದ ಶುರುವಾದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ 1920ರ ದಶಕದ ಮಧ್ಯದ ಹೊತ್ತಿಗೆ 290ಕ್ಕೆ ಬಂತು. ಡೆಟ್ರಾಯ್ಟ್ ಪಕ್ಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಸಾಲು, ಅಂದರೆ ಗಾಡಿ ಮುಂದೆ ಸಾಗುತ್ತಿರುವಾಗ ಕೆಲಸಗಾರರು ನಿಂತಲ್ಲೇ ಭಾಗ ಜೋಡಿಸುವ ಪದ್ಧತಿ, ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ, ಅಂದರೆ ಗಾಡಿಯ ಅಡಿಪಂಜರದ ಜೋಡಣೆ ಒಂದೂವರೆ ಗಂಟೆಗೆ ಮುಗಿಯತೊಡಗಿತು. ಕೆಲಸಗಾರರಿಗೆ ಮಾತ್ರ ಅಲ್ಲಿ ನಿಲ್ಲಲು ಮನಸ್ಸೇ ಇಲ್ಲ. ದಿನವಿಡೀ ಒಂದೇ ನಟ್ಟು ತಿರುಗಿಸುವ ಕೆಲಸಕ್ಕೆ ಬೇಸತ್ತು ಬಿಟ್ಟು ಹೋಗುತ್ತಿದ್ದರು. ಸುಮಾರು 14 ಸಾವಿರ ಜನರ ಕಾರ್ಖಾನೆ ನಡೆಸಲು ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಘೋಷಿಸಿದ ಐದು ಡಾಲರಿನ ದಿನಗೂಲಿಯನ್ನು ದಾನಶೂರತನ ಎಂದು ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ.

ಫೋರ್ಡ್ ಎಂದರೆ ‘ಯಾವ ಬಣ್ಣ ಬೇಕಾದರೂ ಕೇಳಿ, ಅದು ಕಪ್ಪಾಗಿದ್ದರೆ ಸರಿ’ ಎಂದು ಅವನ ಹೆಸರಿನಲ್ಲಿ ಓಡಾಡುವ ಮಾತು ಬಂದೇ ಬರುತ್ತದೆ. ಮೊದಲ ವರ್ಷಗಳ ಮಾಡೆಲ್ ಟಿ ಕೆಂಪು, ಹಸಿರು, ಬೂದಿ ಬಣ್ಣಗಳಲ್ಲೂ ಬಂದಿತ್ತು. ಬರೀ ಕಪ್ಪು ಎಂದಾದದ್ದು 1914ರಿಂದ 1925ರವರೆಗೆ. ಕಪ್ಪು ಅಗ್ಗ, ಬಾಳಿಕೆ ಹೆಚ್ಚು, ಒಂದೇ ಬಣ್ಣವಾದರೆ ಸಾಲು ನಿಲ್ಲಿಸಬೇಕಾಗಿಲ್ಲ.

ಈಗ ನನ್ನ ಮೇಜಿಗೆ ಬರುತ್ತೇನೆ. ಹೆನ್ರಿ ಫೋರ್ಡನಿಗೆ ಬ್ಯಾಂಕಿನವರನ್ನು ಕಂಡರೆ ಆಗುತ್ತಿರಲಿಲ್ಲ. ಸಾಲ ಮಾಡಿ ಸಾಮಾನು ಕೊಳ್ಳುವುದು ಅವನ ಕಣ್ಣಿಗೆ ಕೆಟ್ಟ ಚಾಳಿ. ಆದರೆ 1919ರಲ್ಲಿ ಉಳಿದ ಪಾಲುದಾರರನ್ನೆಲ್ಲ ಕಳಿಸಿ ಕಂಪನಿಯನ್ನು ಮನೆಯದಾಗಿ ಮಾಡಿಕೊಳ್ಳಲು ಹತ್ತು ಕೋಟಿ ಡಾಲರಿಗೂ ಮೇಲೆ ಬೇಕಾಯಿತು, ಆಗ ಅವನೂ ಬ್ಯಾಂಕಿನ ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಯುದ್ಧಾನಂತರದ ಮಾರುಕಟ್ಟೆ ಕುಸಿಯಿತು, ಸಾಲದ ವಾಯಿದೆ ಹತ್ತಿರ ಬಂತು. ಫೋರ್ಡ್ ಏನು ಮಾಡಿದ? ದಾಸ್ತಾನಿನಲ್ಲಿದ್ದ ಬಿಡಿಭಾಗಗಳನ್ನೆಲ್ಲ ಕಾರಾಗಿ ಜೋಡಿಸಿ, ಕೇಳದಿದ್ದ ಡೀಲರುಗಳ ಅಂಗಳಕ್ಕೂ ರೈಲಿನಲ್ಲಿ ಸಾಗಿಸಿದ. ದುಡ್ಡು ಕೂಡಲೇ ಕಟ್ಟಬೇಕು, ಇಲ್ಲವಾದರೆ ಏಜೆನ್ಸಿ ಹೋಗುತ್ತದೆ. ಡೀಲರುಗಳು ಪಾಪ, ತಮ್ಮ ತಮ್ಮ ಊರಿನ ಬ್ಯಾಂಕುಗಳಿಗೆ ಹೋಗಿ ಸಾಲ ಎತ್ತಿ ಕಟ್ಟಿದರು. ಫೋರ್ಡನ ಸಾಲ ತೀರಿತು. ನನ್ನ ಲೆಕ್ಕದಲ್ಲಿ ಅದು ತೀರಿದ್ದಲ್ಲ. ಒಬ್ಬನ ಖಾತೆಯಿಂದ ಸಾವಿರಾರು ಖಾತೆಗಳಿಗೆ ವರ್ಗಾವಣೆಯಾದದ್ದು.

ಅತ್ತ ಜನರಲ್ ಮೋಟಾರ್ಸ್ ಎಂಬ ಕಂಪನಿ. ವಿಲಿಯಂ ಡ್ಯುರಾಂಟ್ ಎಂಬ ಸಾಹಸಿ 1908ರಲ್ಲಿ ಕಟ್ಟಿ, ಕಳೆದುಕೊಂಡು, ಮತ್ತೆ ಗಳಿಸಿ, 1920ರಲ್ಲಿ ಮತ್ತೆ ಕಳೆದುಕೊಂಡ ಸಂಸ್ಥೆ. ಅವನ ಕಾಲದಲ್ಲೇ, 1919ರಲ್ಲಿ, ಜಿಎಂಎಸಿ ಎಂಬ ಸಾಲದ ಕಂಪನಿ ಹುಟ್ಟಿತು. 1923ರಲ್ಲಿ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಕೂಗಾಡುವ ಜಾತಿಯವನಲ್ಲ, ಅಂಕಿಅಂಶದ ಮನುಷ್ಯ. ಮಾರುಕಟ್ಟೆಯನ್ನು ಬದಲಿಸಿದವು ನಾಲ್ಕು ಸಂಗತಿ ಎಂದು ಅವನು ಮುಂದೆ ಬರೆದ: ಕಂತು, ಹಳೆ ಕಾರನ್ನು ಕೊಟ್ಟು ಹೊಸದು ಕೊಳ್ಳುವ ಪದ್ಧತಿ, ಮೇಲ್ಛಾವಣಿ ಮುಚ್ಚಿದ ಕಾರು, ವರ್ಷಕ್ಕೊಂದು ಮಾಡೆಲು.

ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡವು ನೋಡಿ. 1919ರಲ್ಲಿ ಹತ್ತರಲ್ಲಿ ಒಂದು ಕಾರು ಮಾತ್ರ ಮುಚ್ಚಿದ್ದು. 1927ರಲ್ಲಿ ನೂರಕ್ಕೆ 85. ಮುಚ್ಚಿದ ಕಾರು ಭಾರ, ಬೆಲೆಯೂ ಜಾಸ್ತಿ, ಕೈಯಲ್ಲಿರುವ ದುಡ್ಡು ಸಾಲದು. ಮೂರನೇ ಒಂದು ಪಾಲು ಮುಂಗಡ ಕಟ್ಟಿ, ಉಳಿದದ್ದನ್ನು ಹನ್ನೆರಡು ತಿಂಗಳ ಕಂತು ಮಾಡಿಕೊಂಡರೆ ಆಯಿತು. ಆ ಮುಂಗಡಕ್ಕೂ ಮನೆಯ ಮುಂದೆ ನಿಂತ ಹಳೆ ಮಾಡೆಲ್ ಟಿಯನ್ನೇ ಕೊಡಬಹುದು! ಫೋರ್ಡ್ ಮಾರಿದ ಲಕ್ಷಾಂತರ ಗಟ್ಟಿ ಕಾರುಗಳು ಸ್ಲೋನನ ಗಿರಾಕಿಗಳ ಮುಂಗಡವಾದವು. ಅದೇ ಹಳೆ ಕಾರು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೂತು, ಹೊಸ ಮಾಡೆಲ್ ಟಿಗಿಂತ ಕಡಿಮೆ ಬೆಲೆಗೆ ಬಡವನ ಮನೆ ಸೇರಿತು. ಅಗ್ಗದ ಕಾರು ಬೇಕೆಂದವನು ಹೊಸ ಫೋರ್ಡನ್ನು ಯಾಕೆ ಕೊಳ್ಳುತ್ತಾನೆ, ಹೇಳಿ. ಮನುಷ್ಯ ತನ್ನ ಸಾಮಾನಿಗೆ ತಾನೇ ಪೈಪೋಟಿಯಾದ.

ಫೋರ್ಡ್ ಸುಮ್ಮನೆ ಕೂರಲಿಲ್ಲ. 1923ರಲ್ಲಿ ಅವನೂ ಒಂದು ಯೋಜನೆ ತಂದ: ವಾರಕ್ಕೆ ಐದು ಡಾಲರಿನಂತೆ ಬ್ಯಾಂಕಿನಲ್ಲಿ ಕಟ್ಟುತ್ತ ಹೋಗಿ, ಬಡ್ಡಿಯೂ ಬರುತ್ತದೆ, ಪೂರ್ತಿ ಬೆಲೆ ಸೇರಿದ ದಿನ ಕಾರು ತೆಗೆದುಕೊಂಡು ಹೋಗಿ. ನಮ್ಮ ಆರ್.ಡಿ. ಖಾತೆಯ ಹಾಗೇ. ಬ್ಯಾಂಕಿನವನಾಗಿ ನನಗೆ ಬಹಳ ಹಿಡಿಸಿದ ಯೋಜನೆ. ಆದರೆ ಎದುರು ಅಂಗಡಿಯಲ್ಲಿ ಇವತ್ತೇ ಜನರಲ್ ಮೋಟಾರ್ಸಿನ ಷೆವ್ರೋಲೆ ಕಾರು ಹತ್ತಿ ಹೆಂಡತಿ ಮಕ್ಕಳ ಜೊತೆ ಹೊರಡಿ, ದುಡ್ಡು ಆಮೇಲೆ ಎನ್ನುತ್ತಿರುವಾಗ, ಒಂದು ವರ್ಷ ಪಾಸ್‌ಬುಕ್ ಹಿಡಿದು ಕಾಯುವವರು ಯಾರು? ಯೋಜನೆ ನೆಲಕಚ್ಚಿತು.

1927ರ ಮೇ ತಿಂಗಳಲ್ಲಿ, ಒಂದೂವರೆ ಕೋಟಿಯ ಗಡಿ ಮುಟ್ಟಿದಾಗ, ಮಾಡೆಲ್ ಟಿ ನಿಂತಿತು. ಹೊಸ ಮಾಡೆಲ್ ಎ ಬರುವ ಹೊತ್ತಿಗೆ ಡಿಸೆಂಬರ್. ಈ ನಡುವೆ ಕಾರ್ಖಾನೆ ತಿಂಗಳುಗಟ್ಟಲೆ ಬಾಗಿಲು ಹಾಕಿ, ಕೆಲಸಗಾರರು ಬೀದಿಗೆ ಬಿದ್ದರು. ಹೊಸ ಕಾರಿಗೆ ಹಲವು ಬಣ್ಣ. ಮರುವರ್ಷ ಫೋರ್ಡ್ ಯುನಿವರ್ಸಲ್ ಕ್ರೆಡಿಟ್ ಎಂಬ ಸಾಲದ ಕಂಪನಿಯನ್ನೂ ತೆರೆದ. ಬಣ್ಣಕ್ಕೂ ಒಪ್ಪಿದ, ಬಡ್ಡಿಗೂ ಒಪ್ಪಿದ.

ವರ್ಷಕ್ಕೊಂದು ಮಾಡೆಲು ಎಂಬುದು ಷೋರೂಮಿನಲ್ಲಿ ಹಬ್ಬ. ಕಾರ್ಖಾನೆಯಲ್ಲಿ ಅಚ್ಚು, ಯಂತ್ರ ಬದಲಿಸುವ ವಾರಗಳು, ಅಂದರೆ ಸಂಬಳವಿಲ್ಲದ ವಾರಗಳು. ಕಾರು ಮಾಡುವವನ ಮನೆಯಲ್ಲೂ ಕಂತಿನ ಕಾರಿದ್ದರೆ ವಾಯಿದೆ ಕಾಯುವುದಿಲ್ಲವಲ್ಲ. 1936ರ ಡಿಸೆಂಬರ್ 30ರಂದು ಫ್ಲಿಂಟ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕೆಲಸಗಾರರು ಯಂತ್ರಗಳ ಪಕ್ಕದಲ್ಲೇ ಕೂತುಬಿಟ್ಟರು. ಚಳಿಗಾಲದಲ್ಲಿ ಬಿಸಿಗಾಳಿ ನಿಲ್ಲಿಸಿದರೂ ಜಗ್ಗದೆ 44 ದಿನ ಕೂತು ಯೂನಿಯನ್ನಿಗೆ ಮನ್ನಣೆ ಗಳಿಸಿದರು.

ಆ ಜಿಎಂಎಸಿ ಎಂಬ ಸಾಲದ ಕಂಪನಿ ಏನಾಯಿತು? ಕಾರು ಸಾಲದಲ್ಲಿ ಪಳಗಿ, ಮನೆ ಸಾಲಕ್ಕೆ ಕೈ ಹಾಕಿತು. 2006ರಲ್ಲಿ ದುಡ್ಡಿನ ಮುಗ್ಗಟ್ಟಿನಲ್ಲಿದ್ದ ಜನರಲ್ ಮೋಟಾರ್ಸ್ ಅದರ 51 ಶೇಕಡಾ ಪಾಲನ್ನು ಮಾರಿತು. ಎರಡು ವರ್ಷಕ್ಕೆ ಮನೆ ಸಾಲಗಳು ಮುಳುಗಿ, ಜಿಎಂಎಸಿಯನ್ನು ಉಳಿಸಲು ಸರಕಾರವೇ ದುಡ್ಡು ಸುರಿಯಬೇಕಾಯಿತು. ತಾಯಿ ಕಂಪನಿಯಾಗಿದ್ದ ಜನರಲ್ ಮೋಟಾರ್ಸ್ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿತು. ಸರಕಾರ ಕೈ ಹಿಡಿದು ಎಬ್ಬಿಸಿದ ಮೇಲೆ, 2010ರಲ್ಲಿ, ಆ ಕಂಪನಿ ಸುಮಾರು 350 ಕೋಟಿ ಡಾಲರ್ ಕೊಟ್ಟು ಟೆಕ್ಸಾಸಿನ ಅಮೆರಿಕ್ರೆಡಿಟ್ ಎಂಬ ಇನ್ನೊಂದು ಕಂಪನಿಯನ್ನು ಕೊಂಡಿತು. ಅದರ ವ್ಯವಹಾರ, ಕಂತಿನ ಮೇಲೆ ಕಾರು ಸಾಲ ಕೊಡುವುದು.

ನಮಸ್ಕಾರ.