ಮೋಡದಿಂದ ಹೊರಬೀಳುವ ವಿಮಾನ

ಕೇಳುಗರೇ, ನಮಸ್ಕಾರ.

ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಬಹುಪಾಲಿನವಕ್ಕೆ ಕಂಟ್ರೋಲ್ ಟವರ್ ಇಲ್ಲ. ಯಾರು ಮೊದಲು ಇಳಿಯಬೇಕೆಂದು ಹೇಳುವವರಿಲ್ಲದ ಅಂಥ ಕಡೆ ಪೈಲಟ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೇವೆಂದು ಸಾರುತ್ತ, ಒಬ್ಬರನ್ನೊಬ್ಬರು ಕಂಡು ದಾರಿ ಬಿಟ್ಟುಕೊಳ್ಳುತ್ತಾರೆ. ಈ ಏರ್ಪಾಟು ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅದೇ ರನ್‌ವೇಗೆ ಉಪಕರಣಗಳ ಸೂಚನೆಯಂತೆ ಮೋಡದೊಳಗಿಂದ ಇಳಿದು ಬರುವವರೂ ಇದ್ದಾಗ, ಹೊರಗಿನ ನೋಟವನ್ನೇ ನೆಚ್ಚಿ ಹಾರುವವರಿಗೆ ಕಣ್ಣೊಂದೇ ಸಾಲದು.

ಇಂಥ ಅನೇಕ ನಿಲ್ದಾಣಗಳ ಬಳಿ, ನೆಲದಿಂದ 700 ಅಡಿಯ ಕೆಳಗೆ, ಹಗಲಿನಲ್ಲಿ ಒಂದು ಮೈಲಿ ದೂರ ಕಾಣುತ್ತಿದ್ದು ಮೋಡದೊಳಗೆ ಹೋಗದಿದ್ದರೆ ಸಾಕು, ಹಾರಲು ನಿಯಮದ ಅಡ್ಡಿಯಿಲ್ಲ. ನಿಯಮ ಒಪ್ಪುತ್ತದೆಂದು ಮೋಡದ ತಳಕ್ಕೆ ಅಂಟಿಕೊಂಡು ಸುಳಿಯುವುದು ನನ್ನ ಮಟ್ಟಿಗೆ ಮೊಂಡುಧೈರ್ಯವೇ ಸರಿ. ಉಪಕರಣ ನೋಡಿ ಇಳಿಯುವ ವಿಮಾನದ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ಮೋಡದ ತಳ 600 ಅಡಿಯಲ್ಲಿದ್ದರೆ ಆ ವಿಮಾನ ರನ್‌ವೇಯ ನೇರದಲ್ಲಿ, ಸುಮಾರು 2 ಮೈಲಿ ದೂರದಲ್ಲಿ ಹೊರಬೀಳುತ್ತದೆ. ಅದರ ಪೈಲಟ್ ಆಗಷ್ಟೇ ತಲೆಯೆತ್ತಿ ರನ್‌ವೇಯನ್ನು ಹುಡುಕುತ್ತಿರುತ್ತಾನೆ, ನಿಮ್ಮನ್ನಲ್ಲ.

ರೇಡಿಯೊ ಮೌನವಾಗಿದೆಯೆಂದು ಆಕಾಶ ಖಾಲಿಯಿದೆ ಎಂದುಕೊಳ್ಳಬಾರದು. ಉಪಕರಣ ನೋಡಿ ಇಳಿಯುವವನು ದೂರದ ನಿಯಂತ್ರಕರೊಡನೆ ಬೇರೊಂದು ಫ್ರೀಕ್ವೆನ್ಸಿಯಲ್ಲಿ ಮಾತನಾಡುತ್ತಿದ್ದು, ಅವರು ಬಿಟ್ಟುಕೊಟ್ಟ ಮೇಲೆಯೇ, ಎಷ್ಟೋ ಸಲ ಕೊನೆಯ ಕೆಲವು ಮೈಲಿಗಳಲ್ಲಿ, ನಿಲ್ದಾಣದ ಫ್ರೀಕ್ವೆನ್ಸಿಗೆ ಬರುತ್ತಾನೆ. ಬಂದವನು ತಾನಿರುವ ಜಾಗವನ್ನು ಐದಕ್ಷರದ ಗುರುತಿನ ಹೆಸರಿನಲ್ಲಿ ಹೇಳಿದರೆ, ಅಪ್ರೋಚ್ ನಕ್ಷೆ, ಅಂದರೆ ಉಪಕರಣ ನೋಡಿ ಇಳಿಯುವ ದಾರಿಯ ನಕ್ಷೆ, ನೋಡದವನಿಗೆ ಅದು ಅರ್ಥವಾಗದು. ಈ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಉಪಕರಣದ ಲೈಸೆನ್ಸ್ ಇಲ್ಲದವರೂ ಹೊರಡುವ ಮುನ್ನ ಅಪ್ರೋಚ್ ಯಾವ ದಿಕ್ಕಿನಿಂದ, ಯಾವ ಎತ್ತರದಲ್ಲಿ ಬರುತ್ತದೆಂದು ನೋಡಿಕೊಳ್ಳಬಹುದು.

ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ 2022ರ ಆಗಸ್ಟ್ 18ರಂದು, ನಿಲ್ದಾಣದ ಸುತ್ತು ಹಾಕಿ ಇಳಿಯುತ್ತಿದ್ದ ಸೆಸ್ನಾ 152ಕ್ಕೆ, ದೂರದಿಂದ ನೇರವಾಗಿ ಅತಿವೇಗದಲ್ಲಿ ಬಂದ ಸೆಸ್ನಾ 340 ಡಿಕ್ಕಿ ಹೊಡೆದು ಮೂವರು ಸತ್ತರು. ಅಲ್ಲಿ ಮೋಡದ ಪ್ರಶ್ನೆ ಇರಲಿಲ್ಲ, ಇಬ್ಬರೂ ರೇಡಿಯೊದಲ್ಲಿ ಮಾತನಾಡುತ್ತಲೇ ಇದ್ದರು. ನೇರವಾಗಿ ಬರುವ ವೇಗದ ವಿಮಾನ ನಿಧಾನದ ವಿಮಾನದ ಹಿಂದಿನಿಂದ ಬರುತ್ತದೆ ಎಂಬುದೇ ಇಲ್ಲಿನ ತೊಡಕು.

ನಿರ್ಮಲ ಆಕಾಶದಲ್ಲಿಯೂ ವಿದ್ಯಾರ್ಥಿಗಳು ಹೊರಗೆ ಕಾಣದಂತೆ ಮುಖಕ್ಕೆ ಮರೆ ಕಟ್ಟಿಕೊಂಡು, ಪಕ್ಕದವರ ಕಣ್ಣಿನ ಭರವಸೆಯಲ್ಲಿ ಉಪಕರಣ ನೋಡಿ ಇಳಿಯುವುದನ್ನು ಅಭ್ಯಾಸ ಮಾಡುತ್ತಾರೆ, ಕೆಲವೊಮ್ಮೆ ಗಾಳಿ ಬೀಸುವ ದಿಕ್ಕಿನಲ್ಲಿಯೇ, ಅಂದರೆ ಉಳಿದವರಿಗೆ ಎದುರಾಗಿ. ಅರ್ಥವಾಗದ ಹೆಸರು ಕಿವಿಗೆ ಬಿದ್ದ ಕೂಡಲೇ ಸಂಕೋಚ ಬಿಟ್ಟು ಕೇಳಿರಿ: ರನ್‌ವೇಯಿಂದ ಎಷ್ಟು ಮೈಲಿ, ಯಾವ ದಿಕ್ಕು, ಎಷ್ಟು ಎತ್ತರ? ಉತ್ತರ ಬರುವವರೆಗೆ ರನ್‌ವೇಯತ್ತ ತಿರುಗದೆ, ಹಿಡಿದ ದಾರಿಯಲ್ಲೇ ಇನ್ನೊಂದು ಮೈಲಿ ಮುಂದೆ ಸಾಗಿರಿ.