ಎಐ ಕ್ಯಾಮೆರಾ ಹಾಕಿಸೋ ಮುಂಚೆ ರಿಜೆಕ್ಷನ್ ಬಿನ್ ಹತ್ರ ಹೋಗಿ

[ದೃಶ್ಯ: ಪೀಣ್ಯದ ಒಂದು ಶೆಡ್. ನೀಲಿ ಬಿನ್ ತುಂಬ ಎಣ್ಣೆ ಅಂಟಿದ, ಕೊಳವೆ ತುಂಡಿನಂಥ ಉಕ್ಕಿನ ಬುಷ್‌ಗಳು. ಒಂದು ಕೈ ಬುಷ್ ಎತ್ತಿ ಟ್ಯೂಬ್‌ಲೈಟ್ ಕೆಳಗೆ ತಿರುಗಿಸುತ್ತದೆ.]

"ಅಕ್ಕ, ಇದು ಪಾಸ್ ಅಲ್ವಾ?"
"ಇಲ್ಲಪ್ಪ, ಒಳಗಡೆ ಗೆರೆ ನೋಡು. ರಿಜೆಕ್ಟ್."
"ನಿನ್ನೆ ಇಂಥದ್ದನ್ನೇ ಬಿಟ್ವಲ್ಲಕ್ಕ?"

ನಿರೂಪಕ: ನಮಸ್ಕಾರ. ಈ ಮಾತು ನಾನೇ ಕಿವಿಯಾರೆ ಕೇಳಿದ್ದು. ಆಗ ನಾನು ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡ್ಕೊಳ್ತಿದ್ದೆ. ರಿಜೆಕ್ಷನ್ ಜಾಸ್ತಿ ಆಗಿದೆ, ಎಐ ಕ್ಯಾಮೆರಾ ಹಾಕಿಸೋಣ ಅಂತ ಮಾಲೀಕರು ತೀರ್ಮಾನ ಮಾಡಿದ್ರು. ಕ್ಯಾಮೆರಾಗೆ ಕಲಿಸೋಕೆ ಸಾವಿರಾರು ಫೋಟೋ ಬೇಕು. ಪ್ರತಿ ಫೋಟೋಗೂ ಒಳ್ಳೇದು, ಕೆಟ್ಟದ್ದು ಅಂತ ಗುರುತು ಹಾಕ್ಬೇಕು. ಹಾಕೋರು ಯಾರು? ಈಗ ಮಾತಾಡಿದ್ರಲ್ಲ, ಅವರಿಬ್ಬರೇ.

ತಪ್ಪು ಕಡಿಮೆ ಮಾಡೋ ಸಿಕ್ಸ್ ಸಿಗ್ಮಾ ಪದ್ಧತಿ ಮತ್ತು ಎಐ ಎರಡನ್ನೂ ಸೇರಿಸೋದು ಹೇಗೆ ಅಂತ ತುಂಬಾ ಜನ ಕೇಳ್ತೀರಿ. ಉತ್ತರ ಈ ಬಿನ್‌ನಲ್ಲೇ ಇದೆ.

[ತೆರೆಯ ಮೇಲೆ: 1986, ಮೊಟೊರೋಲಾ]

ಸಿಕ್ಸ್ ಸಿಗ್ಮಾ ಶುರುವಾಗಿದ್ದು 1986ರಲ್ಲಿ, ಮೊಟೊರೋಲಾ ಕಂಪನಿಯ ಎಂಜಿನಿಯರ್ ಬಿಲ್ ಸ್ಮಿತ್ ಅವರಿಂದ. ತಪ್ಪಾಗೋಕೆ 10 ಲಕ್ಷ ಅವಕಾಶ ಇದ್ರೆ ತಪ್ಪು 3.4 ದಾಟಬಾರದು ಅನ್ನೋದು ಗುರಿ. ದಾರಿ ಐದು ಹೆಜ್ಜೆಯದ್ದು: ಸಮಸ್ಯೆ ಏನು ಅಂತ ಗೊತ್ತು ಮಾಡ್ಕೊ, ಅಳೆ, ಕಾರಣ ಹುಡುಕು, ಸರಿಪಡಿಸು, ಮತ್ತೆ ಕೆಡದ ಹಾಗೆ ಹಿಡಿದಿಡು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಗ್ರೀನ್ ಬೆಲ್ಟ್ ಅನ್ನೋ ಸಿಕ್ಸ್ ಸಿಗ್ಮಾ ತರಬೇತಿ ಮಾಡಿದವರಿಗೆ ಇದು ಬಾಯಿಪಾಠ. ಆದ್ರೆ ಎಐ ಪ್ರಾಜೆಕ್ಟ್ ಬಂದ ತಕ್ಷಣ ಎರಡನೇ ಹೆಜ್ಜೆ ಮರೆತುಬಿಡ್ತೀವಿ. ಅಳೆಯೋ ಕೋಲೇ ಸರಿ ಇದೆಯಾ ಅಂತ ಯಾರೂ ನೋಡಲ್ಲ.

[ದೃಶ್ಯ: ಮೇಜಿನ ಮೇಲೆ ಸಾಲಾಗಿ 50 ಬುಷ್, ತಳದಲ್ಲಿ ಮಾರ್ಕರ್‌ನಲ್ಲಿ ಬರೆದ ನಂಬರ್.]

ನಾವು ಮಾಡಿದ್ದು ಇಷ್ಟೇ. 50 ಬುಷ್ ತಗೊಂಡು ನಂಬರ್ ಕಾಣದ ಹಾಗೆ ಇಟ್ವಿ. ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿದ್ವಿ. ಮಾರನೇ ದಿನ ಅದನ್ನೇ ಕಲಸಿ ಮತ್ತೆ ತೋರಿಸಿದ್ವಿ. ಇಬ್ಬರ ಉತ್ತರ ಬೇರೆ ಬೇರೆ ಬಂತು, ಅದು ನಿರೀಕ್ಷೆ ಇತ್ತು. ನನ್ನನ್ನ ಕಂಗೆಡಿಸಿದ್ದು ಬೇರೆ: ಒಬ್ಬರೇ ನಿನ್ನೆ ಪಾಸ್ ಅಂದಿದ್ದನ್ನ ಇವತ್ತು ರಿಜೆಕ್ಟ್ ಅಂದ್ರು. ಅವರ ತಪ್ಪಲ್ಲ. ಎಷ್ಟು ಗೆರೆ ಇದ್ರೆ ರಿಜೆಕ್ಟ್ ಅಂತ ಅವರಿಗೆ ಯಾರೂ ಯಾವತ್ತೂ ಹೇಳಿರ್ಲಿಲ್ಲ. ಹನ್ನೊಂದು ವರ್ಷದಿಂದ ಆ ಅಕ್ಕ ತನ್ನ ಕಣ್ಣನ್ನೇ ನಂಬಿ, ಕಸ್ಟಮರ್ ಬೈಗುಳನೂ ತಾನೇ ತಿಂದು ಕೆಲಸ ಮಾಡಿದ್ದಾರೆ.

ಈ ಗುರುತುಗಳನ್ನೇ ಕ್ಯಾಮೆರಾಗೆ ಕೊಟ್ಟಿದ್ರೆ? ಅದು ಗೊಂದಲವನ್ನೇ ಶ್ರದ್ಧೆಯಿಂದ ಕಲಿಯುತ್ತಿತ್ತು. ಆಮೇಲೆ ಎಷ್ಟು ದೊಡ್ಡ ಎಐ ಮಾಡೆಲ್ ತಂದ್ರೂ ಸರಿ ಹೋಗ್ತಿರ್ಲಿಲ್ಲ.

ಹಾಗಾಗಿ ಮೊದಲು ಕಸ್ಟಮರ್ ಜೊತೆ ಕೂತು ಲಿಮಿಟ್ ಸ್ಯಾಂಪಲ್ ಮಾಡಿದ್ವಿ. ಇಲ್ಲಿವರೆಗೆ ಪಾಸ್, ಇದರಾಚೆ ರಿಜೆಕ್ಟ್ ಅಂತ ನಿಜವಾದ ಬುಷ್‌ಗಳನ್ನೇ ಬೋರ್ಡಿಗೆ ಹಾಕಿದ್ವಿ. ಫೋಟೋಗಳಿಗೆ ಗುರುತು ಹಾಕಿದ್ದು ಅದಾದ ಮೇಲೆ.

ಇನ್ನೊಂದು ಎಚ್ಚರಿಕೆ. ಮಾರೋಕೆ ಬಂದವರು 98 ಪರ್ಸೆಂಟ್ ನಿಖರ ಅಂತಾರೆ. ಒಂದು ಲೆಕ್ಕ ಹಾಕಿ. 1000 ಬುಷ್‌ನಲ್ಲಿ 20 ಕೆಟ್ಟಿದೆ ಅನ್ಕೊಳ್ಳಿ. ಕಣ್ಣು ಮುಚ್ಕೊಂಡು ಎಲ್ಲಾ ಪಾಸ್ ಅಂದ್ರೂ 980 ಸರಿ, ಅಂದ್ರೆ 98 ಪರ್ಸೆಂಟೇ! ಅದಕ್ಕೆ ನೀವು ಎರಡು ಪ್ರಶ್ನೆ ಕೇಳಿ: ಆ ಇಪ್ಪತ್ತರಲ್ಲಿ ಎಷ್ಟು ಹಿಡಿಯುತ್ತೆ? ಒಳ್ಳೇದನ್ನ ಎಷ್ಟು ಬಿಸಾಕುತ್ತೆ?

[ದೃಶ್ಯ: ಕಾಗದದ ಮೇಲೆ ಏರಿ, ದಿಢೀರ್ ಇಳಿದು, ಮತ್ತೆ ಏರುವ ಗೆರೆ.]

ಕ್ಯಾಮೆರಾ ಬಂತು, ಹಿಡಿಯೋಕೆ ಶುರು ಮಾಡ್ತು. ಅಲ್ಲಿಗೆ ನಿಂತಿದ್ರೆ ನಾವು ಕೊಂಡಿದ್ದು ದುಬಾರಿ ಜರಡಿ ಅಷ್ಟೇ. ಕೆಟ್ಟ ಬುಷ್‌ಗೆ ಉಕ್ಕು, ಕರೆಂಟು, ಆಪರೇಟರ್ ಶ್ರಮ ಎಲ್ಲಾ ಖರ್ಚಾಗಿಬಿಟ್ಟಿರುತ್ತೆ. ಎಐನಿಂದ ಸಿಕ್ಕ ನಿಜವಾದ ಲಾಭ ಬೇರೆ: ಪ್ರತಿ ದೋಷ ಯಾವ ಹೊತ್ತಿಗೆ ಬಂತು ಅಂತ ದಾಖಲಾಯ್ತು. ಅದನ್ನ, ಏರಿಳಿತ ಮಾಮೂಲಿನದಾ ಅಲ್ವಾ ಅಂತ ಹೊತ್ತಿನ ಪ್ರಕಾರ ತೋರಿಸೋ ಕಂಟ್ರೋಲ್ ಚಾರ್ಟ್‌ಗೆ ಹಾಕಿದ್ವಿ. 1924ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ ಕೊಟ್ಟ ಚಾರ್ಟ್ ಇದು. ಅವರು 1947-48ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆಹ್ವಾನದ ಮೇಲೆ ನಮ್ಮ ದೇಶಕ್ಕೂ ಬಂದಿದ್ರು. ಆ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ.

ಚಾರ್ಟ್ ನೋಡಿದ್ರೆ ದೋಷ ಮೆಲ್ಲಗೆ ಏರುತ್ತೆ, ಶಿಫ್ಟ್ ಬದಲಾದ ಕೂಡಲೇ ಇಳಿಯುತ್ತೆ. ಯಾಕೆ? ಆಗ ಸವೆದ ಇನ್ಸರ್ಟ್, ಅಂದ್ರೆ ಲೋಹ ಕತ್ತರಿಸೋ ತುದಿ, ಬದಲಾಯಿಸ್ತಾರೆ. ಶಿಫ್ಟ್ ಮುಗಿಯೋವರೆಗೆ ಯಾಕೆ ಕಾಯ್ತಾರೆ? ಇನ್ಸರ್ಟ್ ಉಳಿಸಿ ಅಂತ ಆಫೀಸಿಂದಲೇ ಹೇಳಿದ್ರು! ಒಂದು ಇನ್ಸರ್ಟ್ ಉಳಿಸೋಕೆ ಹೋಗಿ ಬಿನ್ ತುಂಬಿಸ್ತಿದ್ವಿ. ಇಷ್ಟು ಬುಷ್ ಆದ ಮೇಲೆ ಇನ್ಸರ್ಟ್ ಬದಲಾಯಿಸಲೇಬೇಕು ಅಂತ ಲೆಕ್ಕ ಗೊತ್ತು ಮಾಡಿದ್ವಿ. ಏರು ಎಲ್ಲಿ ಶುರುವಾಗುತ್ತೆ ಅಂತ ತೋರಿಸಿದ್ದು ಕ್ಯಾಮೆರಾ. ಯಾಕೆ ಅಂತ ಹೇಳಿದ್ದು ಆಪರೇಟರ್.

ಅದೇ 1924ರಲ್ಲಿ ಜಪಾನಿನ ಸಾಕಿಚಿ ಟೊಯೋಡಾ ಒಂದು ಮಗ್ಗ ಮಾಡಿದ್ರು. ನೂಲು ಕಡಿದ್ರೆ ತಾನಾಗೇ ನಿಲ್ಲುತ್ತಿತ್ತು. ಟೊಯೋಟಾ ಕಾರ್ಖಾನೆಗಳ ಪದ್ಧತಿಗೆ ಇದೊಂದು ಬೇರು. ನಮ್ಮ ಕ್ಯಾಮೆರಾಗೂ ಅದನ್ನೇ ಕೊಟ್ವಿ: ಸಾಲಾಗಿ ಮೂರು ಕೆಟ್ಟದ್ದು ಬಂದ್ರೆ ಮಷೀನ್ ನಿಲ್ಲುತ್ತೆ, ದೀಪ ಹತ್ತುತ್ತೆ, ಮನುಷ್ಯ ಬಂದು ನೋಡ್ತಾನೆ.

ಆಫೀಸ್ ಕೆಲಸಕ್ಕೂ ಇದೇ ಮಾತು. ಬಿಲ್ ಓದೋಕೆ ಎಐ ಹಾಕೋ ಮುಂಚೆ, ಒಂದು ಬಿಲ್ ಎಷ್ಟು ಸಲ ವಾಪಸ್ ಹೋಗುತ್ತೆ ಅಂತ ಸಾಫ್ಟ್‌ವೇರ್‌ನಲ್ಲಿರೋ ತಾರೀಕು, ಸಮಯ ತೆಗೆದು ನೋಡಿ. ಬಿಲ್‌ನಲ್ಲಿ ಆರ್ಡರ್ ನಂಬರ್ ಇಲ್ಲದೆ ವಾಪಸ್ ಬರ್ತಿದ್ರೆ, ಎಐ ಏನು ಓದಬೇಕು ಹೇಳಿ?

ಕೊನೇದು, ಹಿಡಿದಿಡೋದು. ಒಂದು ದಿನ ಬೆಳಿಗ್ಗೆಯಿಂದ ಕ್ಯಾಮೆರಾ ಒಳ್ಳೆ ಬುಷ್‌ಗಳನ್ನೆಲ್ಲ ರಿಜೆಕ್ಟ್ ಮಾಡೋಕೆ ಶುರು ಮಾಡ್ತು. ಮಾಡೆಲ್ ಕೆಟ್ಟಿದೆ ಅಂತ ಎಲ್ಲರೂ ಲ್ಯಾಪ್‌ಟಾಪ್ ಮುಂದೆ ಕೂತ್ರು. ಅಕ್ಕ ಮೇಲೆ ನೋಡಿ ಹೇಳಿದ್ರು: "ಸರ್, ನಿನ್ನೆ ರಾತ್ರಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದಾರೆ. ಹೊಳಪಿಗೆ ಅದಕ್ಕೆ ಗೆರೆ ಥರ ಕಾಣ್ತಿದೆ."

[ದೃಶ್ಯ: ಬೆಳಿಗ್ಗೆ ಆರು ಗಂಟೆ, ಮೊದಲ ಶಿಫ್ಟ್. ಬೋರ್ಡಿನಿಂದ ಲಿಮಿಟ್ ಸ್ಯಾಂಪಲ್ ತೆಗೆಯುವ ಕೈಗಳು.]

ಅವತ್ತಿಂದ ಶಿಫ್ಟ್ ಶುರುವಾಗೋ ಮುಂಚೆ ಅಕ್ಕ ಬೋರ್ಡಿನ ಬುಷ್‌ಗಳನ್ನ ಒಂದೊಂದಾಗಿ ಕ್ಯಾಮೆರಾ ಮುಂದೆ ಇಡ್ತಾರೆ. ಪಾಸ್, ಪಾಸ್, ರಿಜೆಕ್ಟ್. ಮೂರೂ ಸರಿ ಬಂದ್ರೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಆಮೇಲೆ ಮಷೀನ್ ಸ್ವಿಚ್ ಒತ್ತುತ್ತಾರೆ.