ಸಕ್ಕರೆ ಕಟ್ಟಿದ ಊರುಗಳು: ಕ್ಯೂಬಾದಲ್ಲಿ ಒಂದು ದಿನ

ಎಲ್ರಿಗೂ ನಮಸ್ಕಾರ. ಕ್ಯೂಬಾ ಅಂದ್ರೆ ಹಳೇ ಕಾರು, ಸಿಗಾರು, ಕ್ಯಾಸ್ಟ್ರೋ ಇಷ್ಟೇ ನೆನಪಾಗುತ್ತೆ ತುಂಬಾ ಜನಕ್ಕೆ, ನಾನು ಇವತ್ತು ಮಾತಾಡೋದು ಕಬ್ಬಿನ ಬಗ್ಗೆ. ಮಂಡ್ಯ ಕಡೆ ಹಳ್ಳೀಲಿ ಆಲೆಮನೆ ಹೊಗೆ ಕುಡ್ಕೊಂಡೇ ಬೆಳೆದೋನು ನಾನು, ಅದಕ್ಕೇ ಗ್ರೂಪಲ್ಲಿ ಉಳಿದೋರೆಲ್ಲ ಬಿಲ್ಡಿಂಗ್ ಚಂದ ನೋಡ್ತಿದ್ರೆ ನನ್ನ ತಲೇಲಿ ಓಡ್ತಿದ್ದಿದ್ದು ಒಂದೇ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂತ.

ನಾವು ಹದಿನೆಂಟು ಜನ, ಒಂದು ಮಿನಿಬಸ್ಸು. ಬೆಳಗ್ಗೆ ಶುರು ಮಾಡಿದ್ದು ಸಿಯೆನ್‌ಫ್ಯೂಗೋಸ್‌ನಲ್ಲಿ, ದ್ವೀಪದ ದಕ್ಷಿಣ ಕರಾವಳಿಯ ಬಂದರು ಊರು. ಸ್ಪ್ಯಾನಿಷ್ ಕಾಲೊನಿ ಆದ್ರೂ ಇದನ್ನ 1819ರಲ್ಲಿ ಬಂದು ಕಟ್ಟಿದ್ದು ಫ್ರೆಂಚರು, ಬೋರ್ಡೋದಿಂದ ಬಂದೋರು, ಅಮೆರಿಕದ ಲೂಯಿಸಿಯಾನದಿಂದ ಬಂದೋರು, ಮುಂದಾಳು ಲೂಯಿ ದ ಕ್ಲೂಯೆ. ಅವ್ರನ್ನ ಯಾಕೆ ಕರೆಸಿದ್ರು ಅಂದ್ರೆ ತೋಟಗಳಿಗೆ ಆಫ್ರಿಕಾದಿಂದ ಹಿಡ್ಕೊಂಡು ಬಂದ ಗುಲಾಮರ ಸಂಖ್ಯೆ ಜಾಸ್ತಿ ಆಗ್ತಿದೆ ಅಂತ ಸರ್ಕಾರಕ್ಕೆ ಭಯ, ಬಿಳಿಯರ ಸಂಖ್ಯೆ ಹೆಚ್ಚಿಸ್ಬೇಕಿತ್ತು. ಬೀದಿಗಳು ದಾರ ಹಿಡಿದು ಗೆರೆ ಎಳೆದಂಗೆ ನೆಟ್ಟಗೆ, ಮಧ್ಯದಲ್ಲಿ ಹೊಸೆ ಮಾರ್ತಿ ಪಾರ್ಕು, 1902ರ ವಿಜಯದ ಕಮಾನು, ಪಕ್ಕದಲ್ಲಿ 1890ರಲ್ಲಿ ಶುರುವಾದ ತೊಮಾಸ್ ಟೆರ್ರಿ ಥಿಯೇಟರ್. ಒಳಗೆ ಮರದ ಸೀಟು, ಚಾವಣಿ ತುಂಬಾ ಪೇಂಟಿಂಗು, ಬಾಗಿಲಲ್ಲೇ ಟೆರ್ರಿಯ ಪ್ರತಿಮೆ. ವೆನೆಜುವೆಲಾದಲ್ಲಿ ಹುಟ್ಟಿ ಇಲ್ಲಿಗೆ ಬಂದು ಸಕ್ಕರೇಲಿ ಕೋಟ್ಯಧಿಪತಿ ಆದೋನು. ಕಾಯಿಲೆ ಬಿದ್ದ ಗುಲಾಮರನ್ನ ಕಡಿಮೆ ಬೆಲೆಗೆ ಕೊಂಡು, ವಾಸಿ ಮಾಡಿ, ಜಾಸ್ತಿ ಬೆಲೆಗೆ ಮಾರ್ತಿದ್ದ ಅಂತ ಹೇಳ್ತಾರೆ. ಅದನ್ನ ಕೇಳಿದ ಮೇಲೆ ಆ ಚಾವಣಿ ಕಡೆ ತಲೆ ಎತ್ತಿ ನೋಡೋಕೆ ಮನಸ್ಸೇ ಬರ್ಲಿಲ್ಲ ನಂಗೆ.

ಅಲ್ಲಿಂದ ಸುಮಾರು 80 ಕಿಲೋಮೀಟರ್ ಟ್ರಿನಿಡಾಡ್. (ವೆಸ್ಟ್ ಇಂಡೀಸ್ ಕ್ರಿಕೆಟ್‌ನ ಟ್ರಿನಿಡಾಡ್ ಅಲ್ಲ, ಅದು ಬೇರೆ ದೇಶ, ಇದು ಕ್ಯೂಬಾದ ಒಂದು ಊರು.) ನಮ್ಮ ಗೈಡು ಬುದ್ಧಿವಂತೆ, ಊರೊಳಗೆ ಇಳಿಸ್ದೆ ಮೊದಲು ಆಚೆ ಇರೋ ಕಣಿವೆಗೆ ಕರ್ಕೊಂಡು ಹೋದ್ರು, ಕಾರ್ಖಾನೆ ನೋಡ್ದೆ ಅರಮನೆ ನೋಡಿದ್ರೆ ಅರ್ಧ ಕಥೆ ಅಂದ್ರು. ಆ ಜಾಗದ ಹೆಸ್ರು ವಾಯೆ ದೆ ಲೋಸ್ ಇಂಖೇನಿಯೋಸ್, ಅಂದ್ರೆ ಸಕ್ಕರೆ ಗಿರಣಿಗಳ ಕಣಿವೆ. 19ನೇ ಶತಮಾನದಲ್ಲಿ ಇಲ್ಲಿ 50ಕ್ಕೂ ಹೆಚ್ಚು ಗಿರಣಿ ನಡೀತಿತ್ತು, ದುಡೀತಿದ್ದ ಗುಲಾಮರು 30,000ಕ್ಕೂ ಹೆಚ್ಚು. ಈಗ ಹಸಿರು, ಅಲ್ಲೊಂದು ಇಲ್ಲೊಂದು ತಾಳೆಮರ, ಮುರಿದ ಗೋಡೆಗಳು, ಅಷ್ಟೇ.

ಮನಾಕಾ ಇಜ್ನಾಗ ಅನ್ನೋ ಎಸ್ಟೇಟಲ್ಲಿ ಒಂದು ಗೋಪುರ ನಿಂತಿದೆ, ಏಳು ಅಂತಸ್ತು, 45 ಮೀಟರ್ ಎತ್ತರ. ದೂರದಿಂದ ನೋಡಿದ್ರೆ ಚರ್ಚಿನ ಗೋಪುರ ಅನ್ಸುತ್ತೆ. ಆದ್ರೆ ಅಲ್ಲಿ ಗಂಟೆ ಹೊಡೀತಿದ್ದಿದ್ದು ಕೆಲಸ ಶುರು ಅಂತ, ಕೆಲಸ ಮುಗೀತು ಅಂತ, ಬೆಂಕಿ ಬಿತ್ತು ಅಂತ, ಇಲ್ಲಾ ಯಾರೋ ಓಡಿಹೋದ ಅಂತ. ಮೇಲೆ ಹತ್ತಿದ್ರೆ ಸುತ್ತ ಹೊಲವೆಲ್ಲ ಅಂಗೈ ಮೇಲಿದ್ದಂಗೆ ಕಾಣುತ್ತೆ, ಅಂದ್ರೆ ಕಬ್ಬಿನ ಮಧ್ಯೆ ಒಬ್ಬ ಬೆನ್ನು ನೆಟ್ಟಗೆ ಮಾಡ್ಕೊಂಡ್ರೂ ಮೇಲಿರೋನಿಗೆ ಗೊತ್ತಾಗ್ತಿತ್ತು. ಗಂಟೆ ಈಗ ಕೆಳಗೆ ನೆಲದ ಮೇಲಿದೆ. ಅದರ ಸುತ್ತ ಹೆಂಗಸರು ಬಿಳೀ ಬಟ್ಟೆ ಮೇಲೆ ಕಸೂತಿ ಹಾಕಿದ ಟೇಬಲ್‌ಕ್ಲಾತ್ ಹಗ್ಗಕ್ಕೆ ನೇತುಹಾಕಿ ಮಾರ್ತಿರ್ತಾರೆ, ಗಾಳಿ ಬಂದ್ರೆ ಎಲ್ಲಾ ಒಟ್ಟಿಗೆ ಹಾರುತ್ತೆ.

ಎಸ್ಟೇಟಿನ ಧಣಿ ಮನೆ ಹಿಂದೆ ಒಂದು ಹಳೇ ಗಾಣ ಇದೆ, ನಾಲ್ಕು ಜನ ಸೇರಿ ಕೈಯಲ್ಲೇ ತಿರುಗಿಸಿ ಕಬ್ಬಿನ ಹಾಲು ಕುಡಿಬಹುದು, ಗ್ವಾರಾಪೋ ಅಂತಾರೆ. ನಾನು ತಿರುಗಿಸ್ದೆ. ನಮ್ಮಜ್ಜ ಎತ್ತು ಕಟ್ಟಿ ತಿರುಗಿಸ್ತಿದ್ದ ಗಾಣದ ಥರಾನೇ, ಅದೇ ಸದ್ದು, ಅದೇ ಅಂಟು. ಅಲ್ಲೇ ನಿಂತು ಗೈಡಮ್ಮಂಗೆ ಹೇಳ್ದೆ, ನೀವು ಅಸೂಕಾರ್ ಅಂತೀರಿ ನಾವು ಸಕ್ಕರೆ ಅಂತೀವಿ, ಎರಡೂ ಒಂದೇ ಪದ. ಸಂಸ್ಕೃತದ ಶರ್ಕರಾ ಪ್ರಾಕೃತದ ಮೂಲಕ ನಮ್ಗೆ ಸಕ್ಕರೆ ಆಯ್ತು, ಪರ್ಷಿಯಾ ದಾಟಿ ಅರಬ್ಬರ ಬಾಯಲ್ಲಿ ಸುಕ್ಕರ್ ಆಗಿ ಸ್ಪೇನಿಗೆ ಹೋಯ್ತು, ಕಬ್ಬಿನ ಗಿಡಾನ ಕೊಲಂಬಸ್ 1493ರಲ್ಲಿ ಎರಡನೇ ಸಲ ಬಂದಾಗ ಹಡಗಲ್ಲಿ ಈ ಕಡೆ ತಂದ. ಆಯಮ್ಮ ಎರಡು ಮೂರು ಸಲ ಸಕ್ಕರೆ ಸಕ್ಕರೆ ಅಂತ ಹೇಳ್ಕೊಂಡ್ರು. ಅವ್ರ ಮುತ್ತಜ್ಜಿಯ ತಾಯಿ ಇದೇ ಕಣಿವೇಲಿ ಕಬ್ಬು ಕಡೀತಿದ್ದರಂತೆ. ಕ್ಯೂಬಾದಲ್ಲಿ ಗುಲಾಮಗಿರಿ ನಿಂತಿದ್ದು 1886ರಲ್ಲಿ, ಲೆಕ್ಕ ಹಾಕಿ, ಏನೂ ಬಹಳ ಹಿಂದಿನ ಮಾತಲ್ಲ ಅದು.

ಟ್ರಿನಿಡಾಡ್ ಸೇರಿದಾಗ ಬಿಸಿಲು ಇಳಿದಿತ್ತು. 1514ರ ಊರು, ನಮ್ಮಲ್ಲಿ ಕೃಷ್ಣದೇವರಾಯನ ಕಾಲ. ಯುನೆಸ್ಕೋ ಊರು ಕಣಿವೆ ಎರಡನ್ನೂ ಸೇರಿಸಿ 1988ರಲ್ಲಿ ಪಟ್ಟಿಗೆ ಹಾಕ್ತು, ಸೇರಿಸಿದ್ದು ಸರಿ ಅಂತ ನಂಗನ್ಸುತ್ತೆ. ಪ್ಲಾಸಾ ಮಯೋರ್ ಸುತ್ತ ಸಕ್ಕರೆ ಧಣಿಗಳ ಮನೆಗಳು, ಹಳದಿ, ನೀಲಿ, ಹೆಂಚಿನ ಸೂರು, ಆಳೆತ್ತರದ ಕಿಟಕಿಗಳು. ಬ್ರೂನೆಟ್ ಅರಮನೆ ಈಗ ಮ್ಯೂಸಿಯಂ, ಒಳಗೆಲ್ಲ ಆ ಕಾಲದ ಪೀಠೋಪಕರಣ, ಪಿಂಗಾಣಿ. ಬೀದಿಗೆಲ್ಲ ಉರುಟು ಕಲ್ಲು, ನಮ್ಮ ಗ್ರೂಪಿನ ಒಬ್ರು ಅಮ್ಮಂಗೆ ಮಂಡಿ ನೋವು, ಅವ್ರನ್ನ ಇಬ್ರು ಹಿಡ್ಕೊಂಡು ನಿಧಾನಕ್ಕೆ ನಡೆಸಿದ್ವಿ, ಒಂದು ಮನೆಯೋರು ಕರೆದು ಕುರ್ಚಿ ಹಾಕಿ ನೀರು ಕೊಟ್ರು. ಊರು ಹಿಂಗೇ ಉಳಿದಿದ್ದು ಯಾಕೆ ಅಂದ್ರೆ ಬಡತನದಿಂದ. 19ನೇ ಶತಮಾನದ ಮಧ್ಯದ ಮೇಲೆ ಯುರೋಪಿನ ಬೀಟ್ ಸಕ್ಕರೆ ಬಂತು, ಮಣ್ಣು ಸತ್ತಿತ್ತು, ಸ್ವಾತಂತ್ರ್ಯದ ಯುದ್ಧ ಬಂತು, ವ್ಯಾಪಾರ ಎಲ್ಲ ನಾವು ಬೆಳಗ್ಗೆ ನೋಡಿದ ಸಿಯೆನ್‌ಫ್ಯೂಗೋಸ್ ಬಂದರಿಗೆ ಹೋಯ್ತು. ಕೆಡವಿ ಹೊಸದು ಕಟ್ಟೋಕೆ ಇಲ್ಲಿ ಯಾರ ಹತ್ರಾನೂ ಕಾಸಿರ್ಲಿಲ್ಲ.

ರಾತ್ರಿ ಚರ್ಚ್ ಪಕ್ಕದ ಮೆಟ್ಟಿಲ ಮೇಲೆ ಸಂಗೀತ ಶುರುವಾಯ್ತು, ಡ್ರಮ್ಮು, ಟ್ರಂಪೆಟ್ಟು, ಊರೋರು ಟೂರಿಸ್ಟು ಎಲ್ಲಾ ಒಟ್ಟಿಗೆ ಕುಣೀತಿದ್ರು. ಆ ಡ್ರಮ್ಮಿನ ಪೆಟ್ಟು ಆಫ್ರಿಕಾದಿಂದ ಬಂದಿದ್ದು, ಕಣಿವೇಲಿ ದುಡಿದೋರು ತಮ್ಮ ಜೊತೆ ತಂದು ಉಳಿಸ್ಕೊಂಡಿದ್ದು ಅಂತ ಗೈಡಮ್ಮ ಕಿವಿ ಹತ್ರ ಬಂದು ಜೋರಾಗಿ ಹೇಳಿದ್ರು.

ಈಗ ಲೈಟ್ ಆಫ್ ಮಾಡಿದ್ರೆ ಫೋಟೋ ತೋರಿಸ್ತೀನಿ. ಮೊದಲ್ನೇದು ಆ ಗಂಟೆದು.